ಐಸಿಎಫ್ ಗೋಡೆಯ ಮನೆ: ಥರ್ಮಾಕೋಲ್ ಅಚ್ಚಿನೊಳಗೆ ಕಾಂಕ್ರೀಟ್ ತುಂಬುವ ಮುಂಚೆ ಏನೇನು ನೋಡಬೇಕು?

ಮನೆಕನಸು

ಎಲ್ಲರಿಗೂ ನಮಸ್ಕಾರ. ನೆಲಮಹಡಿ, ಅದರ ಮೇಲೊಂದು ಮಹಡಿ ಇರುವ ಮನೆಯ ನಕ್ಷೆ ಕೈಲಿದೆ. ಹೊರಗೋಡೆಗಳನ್ನು ಐಸಿಎಫ್‌ನಲ್ಲಿ ಮಾಡೋಣ ಅಂತ ಮನೇಲಿ ಹೆಚ್ಚೂಕಡಿಮೆ ತೀರ್ಮಾನ ಆಗಿದೆ. ಗೊತ್ತಿಲ್ಲದವರಿಗೆ ಒಂದು ಮಾತು, ಐಸಿಎಫ್ ಅಂದ್ರೆ ಇನ್ಸುಲೇಟಿಂಗ್ ಕಾಂಕ್ರೀಟ್ ಫಾರ್ಮ್: ಒಳಗೊಂದು ಹೊರಗೊಂದು ಥರ್ಮಾಕೋಲ್ ಹಲಗೆ, ಎರಡನ್ನೂ ಹಿಡಿದಿಡೋ ಪ್ಲಾಸ್ಟಿಕ್ ಪಟ್ಟಿಗಳು, ನಡುವೆ ಟೊಳ್ಳು. ಇಂಥ ಬ್ಲಾಕುಗಳನ್ನು ಜೋಡಿಸಿ, ಕಂಬಿ ಇಟ್ಟು, ಟೊಳ್ಳಿಗೆ ಕಾಂಕ್ರೀಟ್ ತುಂಬೋದು. ಸೆಂಟ್ರಿಂಗ್ ಬಿಚ್ಚೋ ಪ್ರಶ್ನೆಯೇ ಇಲ್ಲ, ಅಚ್ಚೇ ಗೋಡೆಯಲ್ಲಿ ಉಳಿದು ಬಿಸಿ, ಚಳಿ ತಡೆಯುತ್ತೆ.

ಮಾರುವವರು ಹೇಳೋದು ಕೇಳಿದರೆ ಮಕ್ಕಳ ಆಟಿಕೆ ಜೋಡಿಸಿದಷ್ಟೇ ಸುಲಭ. ಅದಕ್ಕೇ ಅನುಮಾನ. ನಿಜವಾಗಿ ಕಷ್ಟ ಎಲ್ಲಿ ಬರುತ್ತೆ? ಬಿಸಿಲಿಗೆ ಮನೆ ಅಷ್ಟು ತಂಪಾಗಿರುತ್ತಾ? ವೈರಿಂಗ್, ಗೆದ್ದಲು, ಬೆಂಕಿ? ಕೆಲಸ ನೋಡಿದವರು, ಮಾಡಿದವರು ದಯವಿಟ್ಟು ಹೇಳಿ.

ಸೆಂಟ್ರಿಂಗ್ ಭಟ್ರು

ಮಾರುವವರು ಸುಳ್ಳು ಹೇಳಿದ್ದಲ್ಲ ಮಾರಾಯ್ರೇ, ಅರ್ಧ ಹೇಳಿದ್ದು. ಜೋಡಿಸುವುದು ಸುಲಭವೇ. ಒಂದು ಬ್ಲಾಕ್ ಸಾಮಾನ್ಯವಾಗಿ 4 ಅಡಿ ಉದ್ದ, 16 ಇಂಚು ಎತ್ತರ; ಒಬ್ಬನೇ ಎತ್ತಿಕೊಂಡು ಹೋಗಬಹುದು. ಮೊದಲ ಎರಡು ಸಾಲು ರಸಮಟ್ಟದಲ್ಲಿ, ದಾರಕ್ಕೆ ಸರಿಯಾಗಿ ಕೂತರೆ ಉಳಿದದ್ದು ತಾನೇ ಏರುತ್ತದೆ. ಸಂದುಗಳು ಒಂದರ ಮೇಲೊಂದು ಬರಬಾರದು, ಇಟ್ಟಿಗೆ ಕಟ್ಟುವಾಗ ನೋಡಿಕೊಳ್ಳುವ ಹಾಗೆಯೇ.

ಕಷ್ಟ ಇರುವುದು ಕಾಂಕ್ರೀಟ್ ಹಾಕುವ ದಿನ. ಪಂಪ್ ಬಂದು ನಿಂತ ಮೇಲೆ ಯೋಚನೆ ಮಾಡ್ಲಿಕ್ಕೆ ಸಮಯ ಇಲ್ಲ.

ಲೆಕ್ಕ ನೋಡಿ. ಹಸಿ ಕಾಂಕ್ರೀಟ್ ಅಚ್ಚನ್ನು ನೀರಿನ ಹಾಗೆ ಬದಿಗೆ ತಳ್ಳುತ್ತದೆ, ಆದರೆ ನೀರಿಗಿಂತ ಸುಮಾರು 2.4 ಪಟ್ಟು ಜೋರಾಗಿ. 4 ಅಡಿ ತುಂಬಿದಾಗ ಬುಡದಲ್ಲಿ ಒಂದೊಂದು ಚದರ ಅಡಿಯ ಮೇಲೂ ಸುಮಾರು 270 ಕೆಜಿ ಒತ್ತಡ. ಅವಸರ ಮಾಡಿ ಒಂದೇ ಸಲ 10 ಅಡಿ ತುಂಬಿದರೆ 680 ಕೆಜಿ. ಅಷ್ಟನ್ನು ತಡೆಯುವ ತಾಕತ್ತು ಆ ಪ್ಲಾಸ್ಟಿಕ್ ಪಟ್ಟಿಗಳಿಗೆ ಇಲ್ಲ. ಅಚ್ಚು ಒಡೆದು ಕಾಂಕ್ರೀಟ್ ಹೊರಗೆ ಚೆಲ್ಲುವುದು ಹೀಗೆಯೇ. ಆದ್ದರಿಂದ ಮನೆಯ ಸುತ್ತ ಸುತ್ತುತ್ತಾ ಒಂದು ಸಲಕ್ಕೆ 3–4 ಅಡಿ ಮಾತ್ರ ಹಾಕಬೇಕು. ಸುತ್ತು ಮುಗಿಸಿ ಹೊರಟಲ್ಲಿಗೆ ಬರುವಾಗ ಕೆಳಗಿನ ಪದರ ಸ್ವಲ್ಪ ಬಿಗಿದಿರುತ್ತದೆ, ಒತ್ತಡ ಇಳಿದಿರುತ್ತದೆ. ಹಾಗಂತ ಅದು ಪೂರ್ತಿ ಗಟ್ಟಿ ಆಗುವವರೆಗೆ ಕಾದರೆ ಎರಡು ಪದರದ ನಡುವೆ ಸಂದು ಉಳಿಯುತ್ತದೆ, ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ಕೆಳಗಿನ ಪದರಕ್ಕೆ ಇಳಿಯುವುದಿಲ್ಲ. ಆ ಹದ ಗೊತ್ತಿರುವವನೇ ಪಂಪಿನ ಪೈಪ್ ಹಿಡಿಯಬೇಕು.

ಪೈಪಿನ ವಿಷಯವೂ ಉಂಟು. ಛಾವಣಿಗೆ ಹಾಕುವ ದಪ್ಪ ಪೈಪಿನಿಂದ ನೇರ ಬಿಟ್ಟರೆ 6 ಇಂಚಿನ ಸಂದಿಯಲ್ಲಿ ಅದು ಏಟು ಹೊಡೆದ ಹಾಗೆ ಬೀಳುತ್ತದೆ. ಬಾಯಿಯನ್ನು 2–3 ಇಂಚಿಗೆ ಇಳಿಸಿ, ಎರಡು ಎಲ್ಬೋ (ಬಾಗಿದ ಪೈಪ್ ತುಂಡು) ಹಾಕಿ ವೇಗ ಕಡಿಮೆ ಮಾಡಿಕೊಳ್ಳಿ. ಜಲ್ಲಿ ಸಣ್ಣದು, 10–12 ಎಂಎಂ. ಕಾಂಕ್ರೀಟ್ ಸ್ವಲ್ಪ ಸಡಿಲ, ಸ್ಲಂಪ್ (ಅಳತೆಯ ಅಚ್ಚು ಎತ್ತಿದಾಗ ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಎಂಬುದು) 5–6 ಇಂಚು. ಸಡಿಲ ಬೇಕು ಅಂತ ಸೈಟಿನಲ್ಲಿ ನೀರು ಸುರಿಯುವವನನ್ನು ಅಲ್ಲೇ ನಿಲ್ಲಿಸಿ. ಸಡಿಲ ಬರಬೇಕಾದದ್ದು ಕಾಂಕ್ರೀಟಿಗೆ ಬೆರೆಸುವ ರಾಸಾಯನಿಕದಿಂದ, ಅಂದರೆ ಅಡ್‌ಮಿಕ್ಸ್ಚರ್‌ನಿಂದ. ವೈಬ್ರೇಟರ್ 1 ಇಂಚಿನ ಸಣ್ಣ ಸೂಜಿ. ಬೇಗ ಇಳಿಸಿ, ನಿಧಾನ ಎತ್ತಿ, ಒಂದೇ ಕಡೆ ಹಿಡಿದು ನಿಲ್ಲಬೇಡಿ.

ಕಿಟಕಿ ಕೆಳಗಿನ ಜಾಗಕ್ಕೆ ಮೇಲಿಂದ ಕಾಂಕ್ರೀಟ್ ಹೋಗ್ಲಿಕ್ಕೆ ದಾರಿಯೇ ಇಲ್ಲ, ಯಾಕಂದ್ರೆ ಅಲ್ಲಿ ಚೌಕಟ್ಟು ಅಡ್ಡ ಉಂಟು. ಚೌಕಟ್ಟಿನ ಕೆಳಹಲಗೆಯಲ್ಲಿ ಕಿಂಡಿ ಬಿಟ್ಟು ಅಲ್ಲಿಂದ ತುಂಬಿ, ಅಲ್ಲಿಂದಲೇ ವೈಬ್ರೇಟರ್ ಇಳಿಸಬೇಕು. ಚೌಕಟ್ಟಿಗೆ ಒಳಗಿನಿಂದ ಅಡ್ಡಕ್ಕೂ ಉದ್ದಕ್ಕೂ ಆಧಾರ ಕೊಡದಿದ್ದರೆ ಹೊಟ್ಟೆ ಬಗ್ಗುತ್ತದೆ, ಆಮೇಲೆ ಕಿಟಕಿ ಕೂರುವುದಿಲ್ಲ.

ಮನೆಕನಸು

ಭಟ್ರೇ, ಓದಿ ಬೆವರು ಬಂತು. ಅಚ್ಚು ಒಡೆದೇ ಹೋದರೆ ಏನು ಮಾಡೋದು?

ಸೆಂಟ್ರಿಂಗ್ ಭಟ್ರು

ಗಾಬರಿ ಬೇಡ. ಪಂಪ್ ಬೇರೆ ಕಡೆ ತಿರುಗಿಸಿ, ಒಡೆದಲ್ಲಿ ಕಾಂಕ್ರೀಟ್ ತೆಗೆದು, ಥರ್ಮಾಕೋಲ್ ತುಂಡನ್ನು ವಾಪಸ್ ಇಟ್ಟು, ಮೇಲೆ ಪ್ಲೈವುಡ್ ಹೊಡೆದು ಉದ್ದ ಸ್ಕ್ರೂಗಳಿಂದ ಪ್ಲಾಸ್ಟಿಕ್ ಪಟ್ಟಿಗೆ ಬಿಗಿಯುವುದು. ಪ್ಲೈವುಡ್ ತುಂಡು, ಸ್ಕ್ರೂ, ಡ್ರಿಲ್ ಮೊದಲೇ ಗೋಡೆಯ ಪಕ್ಕ ಇಟ್ಟುಕೊಂಡವರಿಗೆ ಅದು ಸಣ್ಣ ಕೆಲಸ. ಹುಡುಕ್ಲಿಕ್ಕೆ ಹೊರಟವರಿಗೆ ದೊಡ್ಡದು.

ಒಡೆಯುವ ಜಾಗಗಳೂ ಗೊತ್ತಿರುವವೇ: ಮೂಲೆಗಳು, ಬ್ಲಾಕ್ ಕತ್ತರಿಸಿ ಜೋಡಿಸಿದ ಸಂದು, ಎರಡು ಕಿಟಕಿಗಳ ನಡುವಿನ ಸಣ್ಣ ಗೋಡೆ. ಅಲ್ಲಿಗೆಲ್ಲ ಹಿಂದಿನ ದಿನವೇ ಪ್ಲೈವುಡ್ ಪಟ್ಟಿ ಹೊಡೆದುಬಿಡಿ. ನಕ್ಷೆಯಲ್ಲಿ ಗೋಡೆಯ ಉದ್ದವನ್ನು ಬ್ಲಾಕಿನ ಅಳತೆಗೆ ಹೊಂದಿಸಿಕೊಂಡರೆ ಕತ್ತರಿಸುವುದೇ ಕಡಿಮೆ ಆಗುತ್ತದೆ. ಇದನ್ನು ಆರ್ಕಿಟೆಕ್ಟ್ ಹತ್ತಿರ ಈಗಲೇ ಹೇಳಿ, ಫುಟಿಂಗ್ (ಪಾಯದ ತಳ) ಆದ ಮೇಲೆ ಹೇಳಿ ಪ್ರಯೋಜನ ಇಲ್ಲ.

ಮತ್ತೆ, ಒಳಗಿನಿಂದ ಕೊಡುವ ಓರೆ ಆಧಾರಗಳನ್ನು ಸುಮಾರು 6 ಅಡಿಗೊಂದರಂತೆ ಕೊಡಿ, ಮೂಲೆಯ ಹತ್ತಿರ ಇನ್ನೂ ಒತ್ತಾಗಿ. ಗೋಡೆ ಕೂದಲೆಳೆಯಷ್ಟು ಒಳಕ್ಕೆ ವಾಲಿದ್ದರೆ ಒಳ್ಳೆಯದು. ಆಧಾರದ ಉದ್ದ ಹೆಚ್ಚುಕಡಿಮೆ ಮಾಡುವ ತಿರುಪು, ಅಂದರೆ ಟರ್ನ್‌ಬಕಲ್ ತಿರುಗಿಸಿ ಹೊರಗೆ ತಳ್ಳಬಹುದು, ಹೊರಗೆ ವಾಲಿದ್ದನ್ನು ಎಳೆಯುವುದು ಕಷ್ಟ. ಕಾಂಕ್ರೀಟ್ ಬಿದ್ದ ಮೇಲೆ, ಗಟ್ಟಿ ಆಗುವ ಮುಂಚೆ, ದಾರ ಹಿಡಿದು ಇಡೀ ಗೋಡೆ ಇನ್ನೊಮ್ಮೆ ನೋಡಿ ಸರಿ ಮಾಡಬೇಕು. ಊಟಕ್ಕೆ ಹೋಗುವುದು ಅದರ ನಂತರ, ಆಯ್ತಾ.

ಕಂಬಿಲೆಕ್ಕ

ಭಟ್ರ ಮಾತಿಗೆ ಸ್ಟ್ರಕ್ಚರಲ್ ಕಡೆಯಿಂದ ಸ್ವಲ್ಪ ಸೇರಿಸ್ತೀನಿ. ಇದನ್ನು ಥರ್ಮಾಕೋಲ್ ಗೋಡೆ ಅಂತ ನೋಡಬೇಡಿ, 6 ಇಂಚಿನ ಆರ್‌ಸಿಸಿ ಗೋಡೆ ಅಂತ ನೋಡಿ. ಭಾರ ಹೊರೋದು, ಗಾಳಿ, ಭೂಕಂಪ ತಡೆಯೋದು ಎಲ್ಲ ನಡುವಿನ ಆ ಕಾಂಕ್ರೀಟೇ. ಹಾಗಾಗಿ ಇಂಜಿನಿಯರ್ ಲೆಕ್ಕ ಹಾಕಿದ ಕಂಬಿ ನಕ್ಷೆ ಇಲ್ಲದೆ ಕೈ ಹಾಕಬೇಡಿ. ಬ್ಲಾಕ್ ಕಂಪನಿಯ ಪುಸ್ತಕದಲ್ಲಿರೋ ಪಟ್ಟಿ ಸಾಮಾನ್ಯ ಮನೆಗೆ. ನಿಮ್ಮ ಮಣ್ಣು, ನಿಮ್ಮ ಎತ್ತರ, ನಿಮ್ಮ ಕಿಟಕಿ ಅಗಲ ಅದಕ್ಕೆ ಗೊತ್ತಿಲ್ಲ.

ಅಡ್ಡ ಕಂಬಿ ಪ್ಲಾಸ್ಟಿಕ್ ಪಟ್ಟಿಯ ಹಲ್ಲುಗಳಲ್ಲಿ ಕೂರುತ್ತೆ. ಒಂದು ಸಾಲಿನಲ್ಲಿ ಎಡ ಹಲ್ಲು, ಮುಂದಿನ ಸಾಲಿನಲ್ಲಿ ಬಲ ಹಲ್ಲು ಅಂತ ಹಾಕುತ್ತಾ ಹೋದರೆ, ಕೊನೆಗೆ ಮೇಲಿಂದ ಇಳಿಸಿದ ಉದ್ದ ಕಂಬಿ ಎರಡರ ನಡುವೆ ಸಿಕ್ಕಿಕೊಂಡು ನೇರ ನಿಲ್ಲುತ್ತೆ, ತಂತಿ ಕಟ್ಟೋದು ತುಂಬಾ ಕಡಿಮೆ. ಫುಟಿಂಗ್‌ನಿಂದ ಮೇಲೆ ಬಂದ ಕಂಬಿಗಳು ಪ್ಲಾಸ್ಟಿಕ್ ಪಟ್ಟಿಗೆ ಅಡ್ಡ ಬರದ ಹಾಗೆ ಮೊದಲೇ ಗುರುತು ಹಾಕಿಕೊಳ್ಳಿ. ಕಿಟಕಿ, ಬಾಗಿಲ ಮೇಲಿನ ಲಿಂಟಲ್ ಜಾಗದಲ್ಲಿ ಮಾತ್ರ ಕಂಬಿ, ರಿಂಗ್ ಜಾಸ್ತಿ ಆಗಿ ಕಾಂಕ್ರೀಟ್ ಇಳಿಯೋಕೆ ಜಾಗ ಉಳಿಯಲ್ಲ. ಟೊಳ್ಳು ಹೆಚ್ಚಾಗಿ ಉಳಿಯೋದು ಅಲ್ಲೇ.

ಇಲ್ಲಿ ಇನ್ನೊಂದು ತೊಂದರೆ ಇದೆ. ಮಾಮೂಲಿ ಗೋಡೆಯಾದರೆ ಸೆಂಟ್ರಿಂಗ್ ಬಿಚ್ಚಿದಾಗ ಹನಿಕೋಂಬ್, ಅಂದ್ರೆ ಕಾಂಕ್ರೀಟ್ ಸರಿಯಾಗಿ ತುಂಬದೆ ಉಳಿದ ತೂತುಗಳು, ಕಣ್ಣಿಗೆ ಬೀಳುತ್ತೆ. ಇಲ್ಲಿ ಬಿಚ್ಚೋದೇ ಇಲ್ಲ, ಏನಾಗಿದೆ ಅಂತ ಕಾಣಲ್ಲ. ಅನುಮಾನ ಇರೋ ಕಡೆ ಥರ್ಮಾಕೋಲಿನ ಸಣ್ಣ ಚೌಕ ಕತ್ತರಿಸಿ ತೆಗೆದು ನೋಡಬೇಕು, ಆಮೇಲೆ ಅದನ್ನೇ ಅಂಟಿಸಬಹುದು. ಕಾಂಕ್ರೀಟ್ ಗಟ್ಟಿಯಾಗುವಾಗ ಬಿಸಿಯಾಗುತ್ತಲ್ಲ, ಆ ಹೊತ್ತಿನಲ್ಲಿ ಥರ್ಮಲ್ ಕ್ಯಾಮೆರಾ ಹಿಡಿದರೆ ಟೊಳ್ಳಿರೋ ಜಾಗ ತಣ್ಣಗಿನ ಮಚ್ಚೆಯಾಗಿ ಕಾಣುತ್ತೆ. ಕ್ಯಾಮೆರಾ ಬಾಡಿಗೆಗೆ ಸಿಕ್ಕರೆ ಅದು ದಂಡದ ಖರ್ಚಲ್ಲ.

ಗಾರೆ ಕೆಲಸದಾಂವ

ನಮಸ್ಕಾರ್ರೀ ಎಲ್ಲಾರಿಗೂ. ನಂದೊಂದು ಸಾದಾ ಪ್ರಶ್ನೆ ಐತಿ. ಗೋಡೆಗೆ ನೀರು ಹೊಡದು ಕ್ಯೂರಿಂಗ್ ಹೆಂಗ ಮಾಡ್ತೀರಿ? ಎರಡೂ ಕಡೆ ಥರ್ಮಾಕೋಲ್ ಐತಲ್ರಿ. ಮತ್ತ ಅದರ ಮ್ಯಾಲೆ ಸಿಮೆಂಟ್ ಗಿಲಾವು ಹಿಡೀತೈತೇನು?

ಕಂಬಿಲೆಕ್ಕ

ಒಳ್ಳೆ ಪ್ರಶ್ನೆ ರೀ. ಕ್ಯೂರಿಂಗ್ ಅಂದ್ರೆ ನೀರು ಆರದ ಹಾಗೆ ನೋಡಿಕೊಳ್ಳೋದು ತಾನೆ. ಆ ಕೆಲಸ ಎರಡೂ ಬದಿಯ ಹಲಗೆಗಳೇ ಮಾಡ್ತವೆ, ಗೋಡೆಯ ನೆತ್ತಿ ಮಾತ್ರ ಮುಚ್ಚಿ ತೇವ ಇಟ್ಟರೆ ಸಾಕು. ಅದರ ಇನ್ನೊಂದು ಮುಖ ಏನಂದ್ರೆ, ಒಳಗಿನ ತೇವ ಹೊರಗೆ ಹೋಗೋದೂ ತುಂಬಾ ನಿಧಾನ.

ಗಿಲಾವು ನೇರ ಹಿಡಿಯಲ್ಲ. ಹೊರಗೆ ಫೈಬರ್ ಮೆಶ್ ಕೂರಿಸಿ ಪಾಲಿಮರ್ ಸೇರಿಸಿದ ತೆಳು ಪ್ಲಾಸ್ಟರ್, ಇಲ್ಲವೇ ಪ್ಲಾಸ್ಟಿಕ್ ಪಟ್ಟಿಗಳಿಗೆ ಲೋಹದ ಜಾಲರಿ ಸ್ಕ್ರೂ ಮಾಡಿ ದಪ್ಪ ಗಾರೆ. ಬಿಸಿಲಿಗೆ ಬಿಟ್ಟ ಥರ್ಮಾಕೋಲ್ ಹಳದಿ ತಿರುಗಿ ಮೇಲ್ಮೈ ಹಿಟ್ಟು ಹಿಟ್ಟಾಗುತ್ತೆ. ಆ ಹಿಟ್ಟನ್ನು ಉಜ್ಜಿ ತೆಗೀದೆ ಹಚ್ಚಿದರೆ ಎಂಥ ಪ್ಲಾಸ್ಟರಾದರೂ ಚಕ್ಕೆ ಏಳುತ್ತೆ. ಹಾಗಾಗಿ ಹೊರ ಗೋಡೆ ತಿಂಗಳುಗಟ್ಟಲೆ ಬೆತ್ತಲೆ ಬಿಡಬೇಡಿ.

ಗಾರೆ ಕೆಲಸದಾಂವ

ಅಂದ್ರ ನಮಗ ಕೆಲಸ ಇನ್ನೂ ಐತಿ ಅನ್ನ್ರಿ. ಛಲೋ ಆತು.

ಬಿಸಿಲುಮಾಪಕ

ತಂಪಿನ ಪ್ರಶ್ನೆಗೆ ಯಾರೂ ಬರಲಿಲ್ಲ, ನಾನು ಬರ್ತೀನಿ. ಸಾಮಾನ್ಯ ಬ್ಲಾಕಿನಲ್ಲಿ ಒಂದೊಂದು ಹಲಗೆ ಸುಮಾರು 65 ಎಂಎಂ, ಎರಡೂ ಸೇರಿ 130. ಈ ಗೋಡೆಯ ಯು-ವ್ಯಾಲ್ಯೂ ಸುಮಾರು 0.27 ಬರುತ್ತೆ. ಅಂದರೆ ಒಳಗೂ ಹೊರಗೂ 1 ಡಿಗ್ರಿ ವ್ಯತ್ಯಾಸ ಇದ್ದಾಗ ಪ್ರತಿ ಚದರ ಮೀಟರ್‌ಗೆ 0.27 ವಾಟ್ ಶಾಖ ದಾಟುತ್ತೆ. 9 ಇಂಚಿನ ಇಟ್ಟಿಗೆ ಗೋಡೆಗೆ ಅದು 2ರ ಆಸುಪಾಸು. ಅಲ್ಲಿಗೆ ಏಳರಲ್ಲಿ ಒಂದು ಪಾಲು ಮಾತ್ರ. ಇದು ಗಟ್ಟಿ ಲಾಭ.

ಆದರೆ ಕೆಲವರು ಕಾಂಕ್ರೀಟಿನ ದಪ್ಪ ತೋರಿಸಿ ಥರ್ಮಲ್ ಮಾಸ್ (ಶಾಖ ಹೀರಿ ಹಿಡಿದಿಡೋ ಭಾರ) ಅಂತ ಹೇಳಿ ಈ ಸಂಖ್ಯೆಯನ್ನೇ ದುಪ್ಪಟ್ಟು ಮಾಡಿಬಿಡ್ತಾರೆ. ಅದನ್ನು ನಾನು ಒಪ್ಪಲ್ಲ. ಹಳೆ ಕಲ್ಲಿನ ಮನೆ ಹಗಲು ತಂಪಾಗಿರೋದು ಯಾಕೆ? ಕೋಣೆಯ ಗಾಳಿ ನೇರ ಕಲ್ಲಿಗೆ ತಾಗುತ್ತೆ, ಕಲ್ಲು ಶಾಖ ಹೀರಿಕೊಳ್ಳುತ್ತೆ. ಇಲ್ಲಿ ಕಾಂಕ್ರೀಟಿಗೂ ಕೋಣೆಗೂ ನಡುವೆ 65 ಎಂಎಂ ಥರ್ಮಾಕೋಲ್ ಇದೆ. ಆ ಭಾರದ ಬಹುಪಾಲು ಕೋಣೆಗೆ ದಕ್ಕಲ್ಲ.

ಹಳೆಮನೆ

ಪೂರ್ತಿ ದಕ್ಕಲ್ಲ ಅನ್ನೋದು ಸರಿಯಲ್ಲ ಸರ್. ಹಗಲು ಬಿಸಿ, ರಾತ್ರಿ ತಂಪು ಇರೋ ಕಡೆ ಹೊರಗಿನ ಶಾಖ ಕಾಂಕ್ರೀಟಿನ ತನಕ ಬರೋಷ್ಟರಲ್ಲಿ ರಾತ್ರಿಯಾಗಿ, ಬಂದದ್ದು ವಾಪಸ್ ಹೊರಗೇ ಹೋಗುತ್ತೆ. ಏರಿಳಿತ ಸಪಾಟಾಗುತ್ತೆ. ಅದು ಲಾಭ ಅಲ್ವಾ?

ಬಿಸಿಲುಮಾಪಕ

ಲಾಭವೇ, "ಬಹುಪಾಲು" ಅಂದೆ, "ಪೂರ್ತಿ" ಅನ್ನಲಿಲ್ಲ. ನೀವು ಹೇಳಿದ್ದು ನಡೆಯಬೇಕಾದರೆ ಹೊರಗಿನ ತಾಪ ದಿನದೊಳಗೇ ಕೋಣೆಯ ತಾಪಕ್ಕಿಂತ ಮೇಲೂ ಹೋಗಬೇಕು, ಕೆಳಗೂ ಇಳಿಯಬೇಕು. ಹಗಲು ರಾತ್ರಿ ಎರಡೂ ಸೆಕೆ ಇರೋ ಕಡೆ, ಅಥವಾ ತಿಂಗಳುಗಟ್ಟಲೆ ಹಿಮ ಇರೋ ಕಡೆ ಶಾಖ ಒಂದೇ ದಿಕ್ಕಿಗೆ ಹರೀತಾ ಇರುತ್ತೆ. ಅಲ್ಲಿ ಲೆಕ್ಕಕ್ಕೆ ಬರೋದು ಯು-ವ್ಯಾಲ್ಯೂ ಮಾತ್ರ. ನನ್ನ ತಕರಾರು ಗೋಡೆಯ ಮೇಲಲ್ಲ, ಜಾಹೀರಾತಿನ ಮೇಲೆ. ಭಾರ ಕೋಣೆಗೆ ಬೇಕೇ ಬೇಕು ಅಂದ್ರೆ ಒಳಗಿನ ಅಡ್ಡಗೋಡೆ, ನೆಲ ಕಾಂಕ್ರೀಟ್ ಅಥವಾ ಇಟ್ಟಿಗೆಯಲ್ಲಿ ಬರಲಿ.

ಮನೆಕನಸು ಅವರು ಮುಖ್ಯವಾಗಿ ನೋಡಬೇಕಾದ್ದು ಬೇರೆ ಲೆಕ್ಕ. 100 ಚದರ ಮೀಟರ್ ಐಸಿಎಫ್ ಗೋಡೆಯಿಂದ ಡಿಗ್ರಿಗೆ 27 ವಾಟ್ ದಾಟುತ್ತೆ. ಎರಡು ಪದರದ ಸಾಧಾರಣ ಗಾಜಿನ ಕಿಟಕಿಗೆ ಯು-ವ್ಯಾಲ್ಯೂ 2.8 ಇಟ್ಟುಕೊಳ್ಳಿ: ಬರೀ 10 ಚದರ ಮೀಟರ್ ಗಾಜಿನಿಂದ 28 ವಾಟ್. ಒಂಟಿ ಗಾಜಾದರೆ ಅದರ ದುಪ್ಪಟ್ಟು. ಗಾಜಿನಿಂದ ನೇರ ಒಳಬರೋ ಬಿಸಿಲನ್ನು ಇಲ್ಲಿ ಸೇರಿಸಿಯೇ ಇಲ್ಲ. ಗೋಡೆಗೆ ಕೈಬಿಚ್ಚಿ ಖರ್ಚು ಮಾಡಿ ಕಿಟಕಿ, ಛಾವಣಿಯಲ್ಲಿ ಉಳಿಸಿದರೆ ಮನೆ ತಂಪಾಗಲ್ಲ.

ತಂತಿಪೈಪು

ವೈರಿಂಗ್ ಬಗ್ಗೆ. ಹಲಗೆಯಲ್ಲಿ ಬಿಸಿ ಬ್ಲೇಡಿನಿಂದ ಉದ್ದ ತೋಡು ಕೊರೆದು ಕಾಂಡ್ಯೂಟ್ (ವೈರ್ ಹಾಯಿಸೋ ಪೈಪ್) ಕೂರಿಸೋದು, ಇಟ್ಟಿಗೆ ಗೋಡೆ ಒಡೆಯೋದಕ್ಕಿಂತ ನೂರು ಪಾಲು ಮೇಲು. ಧೂಳಿಲ್ಲ, ಸುತ್ತಿಗೆ ಇಲ್ಲ. ಆದರೆ ಪಿವಿಸಿ ಹೊದಿಕೆಯ ವೈರನ್ನು ನೇರ ಥರ್ಮಾಕೋಲಿಗೆ ಒತ್ತಿ ಮುಚ್ಚಬೇಡಿ. ಹೊದಿಕೆಯನ್ನು ಮೆತ್ತಗಿಡೋ ಪ್ಲಾಸ್ಟಿಸೈಸರ್ ಕಾಲಕ್ರಮೇಣ ಥರ್ಮಾಕೋಲಿಗೆ ಇಳಿದು ಹೋಗುತ್ತೆ. ಥರ್ಮಾಕೋಲ್ ಕರಗುತ್ತೆ, ವೈರಿನ ಹೊದಿಕೆ ಗಡುಸಾಗಿ ಬಿರಿಯುತ್ತೆ. ಸುತ್ತ ಶಾಖನಿರೋಧಕ ಇರೋದ್ರಿಂದ ವೈರಿನ ಬಿಸಿಯೂ ಸುಲಭಕ್ಕೆ ಹೊರಹೋಗಲ್ಲ. ಎಸಿ, ಗೀಸರ್ ಲೈನಿಗೆ ವೈರ್ ದಪ್ಪ ಲೆಕ್ಕ ಹಾಕುವಾಗ ಇದನ್ನು ಎಲೆಕ್ಟ್ರಿಷಿಯನ್‌ಗೆ ನೆನಪಿಸಿ.

ದಪ್ಪ ಡ್ರೈನೇಜ್ ಪೈಪುಗಳು ಹೊರಗೋಡೆಗೆ ಬೇಡವೇ ಬೇಡ, ಒಳಗಿನ ಗೋಡೆಗೆ ತನ್ನಿ. ಗೋಡೆ ದಾಟಿ ಹೋಗಬೇಕಾದ ಪ್ರತಿ ಪೈಪಿಗೂ ಕಾಂಕ್ರೀಟ್ ಹಾಕುವ ಮೊದಲೇ ತೋಳು (ಸ್ಲೀವ್, ಅಂದ್ರೆ ಗೋಡೆಯ ಆಚೀಚೆ ಹಾಯೋ ಖಾಲಿ ಪೈಪ್ ತುಂಡು) ಇಟ್ಟಿರಬೇಕು: ನೀರು, ಗ್ಯಾಸ್, ಎಸಿ, ಚಿಮಣಿ, ಇಂಟರ್ನೆಟ್. ಖಾಲಿ ತೋಳು ಒಂದೆರಡು ಹೆಚ್ಚೇ ಇಡಿ. ಆಮೇಲೆ ಆರ್‌ಸಿಸಿ ಕೊರೆಯೋಕೆ ಕೋರ್ ಮಷಿನ್ನೇ ಬರಬೇಕು. ಹೊಸ ಬಾಗಿಲು ತೆಗೆಯೋ ಯೋಚನೆ ಮುಂದೆ ಬರಬಹುದು ಅಂತಿದ್ರೆ ಅದರ ಲಿಂಟಲನ್ನೂ ಈಗಲೇ ಹಾಕಿಸಿಬಿಡಿ.

ಅಂದಹಾಗೆ ಅಡುಗೆಮನೆಯ ಮೇಲ್ಕಪಾಟು. ಥರ್ಮಾಕೋಲಿಗೆ ಮೊಳೆ ನಿಲ್ಲಲ್ಲ. ಹಲಗೆಯೊಳಗಿರೋ ಪ್ಲಾಸ್ಟಿಕ್ ಪಟ್ಟಿ 6 ಅಥವಾ 8 ಇಂಚಿಗೊಂದು ಸಿಗುತ್ತೆ, ಸ್ಕ್ರೂ ಅದಕ್ಕೇ ಹೋಗಬೇಕು. ಭಾರಿ ಕಪಾಟಾದರೆ ಕಾಂಕ್ರೀಟ್ ತನಕ ಆಂಕರ್ ಹೊಡೀಬೇಕು. ಪಟ್ಟಿಗಳ ಗುರುತು ಕಾಣೋ ಹಾಗೆ ಪ್ಲಾಸ್ಟರಿಗೆ ಮುಂಚೆ ಪ್ರತಿ ಗೋಡೆಯ ಫೋಟೊ, ಪಕ್ಕದಲ್ಲಿ ಟೇಪ್ ಹಿಡಿದು, ತೆಗೆದಿಟ್ಟುಕೊಳ್ಳಿ.

ಮನೆಕನಸು

ಫೋಟೊ ವಿಚಾರ ಬರೆದಿಟ್ಟುಕೊಂಡೆ. ಗೆದ್ದಲು, ಬೆಂಕಿ ಇನ್ನೂ ಬಾಕಿ. ನಮ್ಮ ಮಾವನವರ ಪೂರ್ತಿ ವಿರೋಧ ಇರೋದು ಅದಕ್ಕೇ: "ಥರ್ಮಾಕೋಲ್ ಮನೆ, ಒಂದು ಕಡ್ಡಿ ಗೀರಿದರೆ ಮುಗೀತು, ನಿನ್ನೆ ಮೊನ್ನೆ ಬಂದದ್ದು" ಅಂತ.

ಕಂಬಿಲೆಕ್ಕ

ನಿನ್ನೆ ಮೊನ್ನೆಯದ್ದಲ್ಲ ಅಂತ ಅವರಿಗೆ ಹೇಳಿ. ಎರಡನೇ ಮಹಾಯುದ್ಧದ ಕಾಲಕ್ಕೇ ಸ್ವಿಟ್ಜರ್ಲೆಂಡಿನಲ್ಲಿ ಮರದ ನಾರು, ಸಿಮೆಂಟು ಸೇರಿಸಿ ಮಾಡಿದ ಇಂಥ ಟೊಳ್ಳು ಬ್ಲಾಕುಗಳಿದ್ದವು. ಥರ್ಮಾಕೋಲಿನ ಅಚ್ಚಿಗೆ ಕೆನಡಾದ ವರ್ನರ್ ಗ್ರೆಗೋರಿ ಎಂಬ ಕಂಟ್ರಾಕ್ಟರ್ ಪೇಟೆಂಟ್ ಅರ್ಜಿ ಹಾಕಿದ್ದು 1966ರಲ್ಲಿ. ಅವರ ಬ್ಲಾಕೂ 48 ಇಂಚು ಉದ್ದ, 16 ಇಂಚು ಎತ್ತರವೇ. ಭಟ್ರು ಹೇಳಿದ ಅಳತೆ ಅಂದಿನದೇ.

ಬೆಂಕಿಯ ವಿಷಯದಲ್ಲಿ ಮಾವನವರ ಭಯ ಅರ್ಧ ಸರಿ. ನಡುವಿನ ಕಾಂಕ್ರೀಟ್ ಗಂಟೆಗಟ್ಟಲೆ ತಡೆಯುತ್ತೆ, ಗೋಡೆ ಬೀಳಲ್ಲ. ಆದರೆ ಥರ್ಮಾಕೋಲ್ ಕರಗುತ್ತೆ, ಉರಿಯುತ್ತೆ, ಕಪ್ಪು ಹೊಗೆ ಕಾರುತ್ತೆ. ಬೆಂಕಿನಿರೋಧಕ ಬೆರೆಸಿದ ದರ್ಜೆ ಮಾತ್ರ ತಗೊಳ್ಳಿ. ನಿರೋಧಕವಾಗಿ ಮುಂಚೆ ಬಳಸ್ತಿದ್ದ ಎಚ್‌ಬಿಸಿಡಿ ಎಂಬ ರಾಸಾಯನಿಕವನ್ನು 2013ರಲ್ಲಿ, ಪರಿಸರದಲ್ಲಿ ಕರಗದೆ ಉಳಿಯೋ ವಿಷವಸ್ತುಗಳ ಮೇಲಿನ ಅಂತಾರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿಸಿದ್ದಾರೆ, ಆದ್ದರಿಂದ ಯಾವ ನಿರೋಧಕ ಬೆರೆಸಿದ್ದಾರೆ ಅಂತ ಕೇಳಿ. ಒಳಬದಿಗೆ 12.5 ಎಂಎಂ ಜಿಪ್ಸಂ ಬೋರ್ಡ್ ಅಥವಾ ಅದಕ್ಕೆ ಸಮನಾದ ಪ್ಲಾಸ್ಟರ್ ಇರಲೇಬೇಕು. ಕಪಾಟಿನ ಹಿಂದೆ, ಫಾಲ್ಸ್ ಸೀಲಿಂಗ್ ಮೇಲೆ ಕಾಣಲ್ಲ ಅಂತ ಬರಿ ಥರ್ಮಾಕೋಲ್ ಬಿಡೋದನ್ನು ನೋಡಿದ್ದೀನಿ; ಬೆಂಕಿ ಹುಡುಕೋದೇ ಅಂಥ ಜಾಗ.

ಕಟ್ಟುವಾಗಲೂ ಎಚ್ಚರ ಬೇಕು. ಸೈಟಿನಲ್ಲಿ ರಾಶಿ ಹಾಕಿದ ಬ್ಲಾಕುಗಳ ಪಕ್ಕ ವೆಲ್ಡಿಂಗ್ ಮಾಡೋದು, ಬೀಡಿ ಸೇದೋದು ಎರಡೂ ಬಂದ್.

ಸೆಂಟ್ರಿಂಗ್ ಭಟ್ರು

ಗೆದ್ದಲು ಥರ್ಮಾಕೋಲ್ ತಿನ್ನುವುದಿಲ್ಲ. ತಿನ್ನದಿದ್ದರೆ ಎಂತ, ಅದರೊಳಗೆ ಸುರಂಗ ಮಾಡಿಕೊಂಡು ಯಾರ ಕಣ್ಣಿಗೂ ಬೀಳದೆ ಮೇಲಿನ ಮರದ ತನಕ ಹೋಗುತ್ತದೆ. ಮಣ್ಣಿನೊಳಗಿಂದ ಛಾವಣಿಯವರೆಗೆ ಹಲಗೆ ಒಂದೇ ಸಮ ಹೋಗಿದ್ದರೆ ಅದಕ್ಕೆ ರಾಜಮಾರ್ಗ. ಪ್ಲಿಂತ್ (ಪಾಯದ ಮೇಲಂಚು) ಮಟ್ಟದಲ್ಲಿ ಹಲಗೆ ತುಂಡರಿಸಿ ಲೋಹದ ತಡೆ ಅಥವಾ ಸ್ಟೀಲ್ ಮೆಶ್ ಹಾಕಿ, ನೆಲದ ಮೇಲೆ ಅರ್ಧ ಅಡಿ ಕಾಂಕ್ರೀಟ್ ಬರಿದಾಗಿ ಕಾಣುವ ಹಾಗೆ ಬಿಡಿ. ಮಣ್ಣಿನ ಗೂಡು ಏರಿದರೆ ಅಲ್ಲಿ ಕಾಣಬೇಕು. ಗೆದ್ದಲು ವಿಪರೀತ ಇರುವ ಕಡೆ ನೆಲದೊಳಗೆ ಥರ್ಮಾಕೋಲ್ ಇಡುವುದನ್ನು ಕೆಲವು ದೇಶಗಳ ಕಟ್ಟಡ ನಿಯಮಗಳೇ ತಡೆಯುತ್ತವೆ.

ನೆಲದೊಳಗಿನ ಭಾಗಕ್ಕೆ ನೀರು ತಡೆಯಲು ಅಂಟುವ ಹಾಳೆ ಹಾಕಿ. ಸಾಲ್ವೆಂಟ್ ಇರುವ ಡಾಂಬರು ಬಳಿದರೆ ಥರ್ಮಾಕೋಲ್ ಕರಗಿ ಹೋಗುತ್ತದೆ. ಬಳಿಯುವವರಿಗೆ ಇದು ಗೊತ್ತಿರುವುದಿಲ್ಲ, ನೀವೇ ಡಬ್ಬದ ಮೇಲೆ ಓದಿ ನೋಡಬೇಕು.

ಹಸಿರುಲೆಕ್ಕ

ಒಂದು ಬೇರೆ ದನಿ. 150 ಚದರ ಮೀಟರ್ ಹೊರಗೋಡೆಗೆ 6 ಇಂಚಿನ ಪ್ರಕಾರ ಸುಮಾರು 23 ಘನ ಮೀಟರ್ ಕಾಂಕ್ರೀಟ್ ಬೇಕು. ಘನ ಮೀಟರಿಗೆ 320 ಕೆಜಿ ಸಿಮೆಂಟ್ ಹಿಡಿದರೆ ಸುಮಾರು 7 ಟನ್. ಮಾಮೂಲಿ ಸಿಮೆಂಟ್ ಟನ್ನಿಗೆ 0.8–0.9 ಟನ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ. ಒಂದು ಮಹಡಿ ಮನೆಗೆ ಇಷ್ಟು ಕಾಂಕ್ರೀಟ್ ಬೇಕೇ? ಕಡಿಮೆ ಭಾರದ ಗೋಡೆಗೂ ಇದೇ ಯು-ವ್ಯಾಲ್ಯೂ ತರಬಹುದು.

ಕಂಬಿಲೆಕ್ಕ

ತರಬಹುದು, ಅಲ್ಲಗಳೆಯಲ್ಲ. ಗಾಳಿ, ಬಿರುಗಾಳಿ, ನೆರೆ, ರಸ್ತೆಯ ಗದ್ದಲ ಇರೋ ಜಾಗಕ್ಕೆ ಐಸಿಎಫ್‌ಗೆ ಅರ್ಥ ಜಾಸ್ತಿ. ಶಾಂತ ಜಾಗದ ಸಣ್ಣ ಮನೆಗೆ ಅದು ಅಗತ್ಯಕ್ಕಿಂತ ಗಟ್ಟಿ. ಹಾರುಬೂದಿ, ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆಸಿದ ಸಿಮೆಂಟ್ ಬಳಸಿದರೆ ನಿಮ್ಮ ಲೆಕ್ಕ ಸಾಕಷ್ಟು ಇಳಿಯುತ್ತೆ. ಆದರೆ ಅದು ನಿಧಾನ ಬಿಗಿಯೋದ್ರಿಂದ ಅಚ್ಚಿನ ಮೇಲೆ ಒತ್ತಡ ಹೆಚ್ಚು ಹೊತ್ತು ಇರುತ್ತೆ, ಪದರ ಇನ್ನೂ ನಿಧಾನಕ್ಕೆ ಏರಿಸಬೇಕು. ಪಂಪ್ ಬಾಡಿಗೆ ಆ ಪ್ರಕಾರ ಮಾತಾಡಿಕೊಳ್ಳಿ.

ಮನೆಕನಸು

ಕೊನೆಯದಾಗಿ ಒಂದು. ಛಾವಣಿ ಆರ್‌ಸಿಸಿ ಮೋಲ್ಡ್ (ಚಪ್ಪಡಿ) ಹಾಕಿಸ್ತಾ ಇದ್ದೀವಿ. ಗೋಡೆ ಮೇಲೆ ಅದು ಕೂರೋ ಕಡೆ ಥರ್ಮಾಕೋಲ್ ಏನಾಗುತ್ತೆ?

ಬಿಸಿಲುಮಾಪಕ

ಒಳ ಹಲಗೆಯನ್ನು ಮೋಲ್ಡಿನ ತಳಮಟ್ಟಕ್ಕೆ ಕತ್ತರಿಸ್ತಾರೆ, ಮೋಲ್ಡ್ ನೇರ ಗೋಡೆಯ ಕಾಂಕ್ರೀಟಿನ ಮೇಲೆ ಕೂರುತ್ತೆ. ಹೊರ ಹಲಗೆ ಮಾತ್ರ ಮೋಲ್ಡಿನ ಅಂಚನ್ನು ಮುಚ್ಚಿಕೊಂಡು ಮೇಲೆ ಹೋಗಬೇಕು, ಛಾವಣಿಯ ಮೇಲೆ ಹಾಕೋ ಶಾಖನಿರೋಧಕ ಬಂದು ಅದಕ್ಕೆ ಕೂಡಬೇಕು. ಸಜ್ಜಾ, ಬಾಲ್ಕನಿಯನ್ನು ಅದೇ ಮೋಲ್ಡಿನಿಂದ ಹೊರಕ್ಕೆ ಚಾಚಿದರೆ ಆ ಹೊರ ಹಲಗೆ ಅಲ್ಲಿ ಕತ್ತರಿಸಿಹೋಗುತ್ತೆ, ಬಿಸಿಲಲ್ಲಿ ಕಾದ ಚಪ್ಪಡಿ ಶಾಖವನ್ನು ನೇರ ಒಳಗೆ ತರುತ್ತೆ. ಸಾಧ್ಯವಾದಷ್ಟು ಸಜ್ಜಾಗಳನ್ನು ಬೇರೆಯಾಗಿ, ಬ್ರಾಕೆಟ್ ಮೇಲೆ ನಿಲ್ಲಿಸಿ.

ಇನ್ನೊಂದು: ಈ ಗೋಡೆಯಲ್ಲಿ ಗಾಳಿ ನುಸುಳಲ್ಲ. ಹೊಸ ಕಾಂಕ್ರೀಟಿನ ತೇವ ಮೊದಲ ವರ್ಷ ಒಳಗೆ ಬರ್ತಾನೇ ಇರುತ್ತೆ. ಕಿಟಕಿ ಮುಚ್ಚಿ ಎಸಿ ಹಾಕಿಕೊಂಡು ಕೂರೋ ಮನೆಯಾದರೆ ಗಾಳಿ ಬದಲಿಸೋ ಯಂತ್ರದ ವ್ಯವಸ್ಥೆ ನಕ್ಷೆಯಲ್ಲೇ ಇರಲಿ. ಎಸಿಯನ್ನು ಹಳೆ ಅಂದಾಜಿನ ಪ್ರಕಾರ ದೊಡ್ಡದು ತರಬೇಡಿ. ಬೇಗ ತಣ್ಣಗಾಗಿ ಆಫ್ ಆಗುತ್ತೆ, ತೇವ ಹಾಗೇ ಉಳಿಯುತ್ತೆ.

ಗಾರೆ ಕೆಲಸದಾಂವ

ಮನೆಕನಸು ಅವರ, ಕಿಟಕಿ ಚೌಕಟ್ಟಿನ ಅಳತಿ ಪಕ್ಕಾ ಆಗೈತೇನ್ರಿ? ಇಷ್ಟೆಲ್ಲಾ ಓದಿದ ಮ್ಯಾಲೆ ನನಗ ಅನಸಾಕತ್ತಿದ್ದು ಒಂದ: ಈ ಗೋಡ್ಯಾಗ ಆಮ್ಯಾಲೆ ಒಡದು ಸರಿಮಾಡೂದು ಇಲ್ಲ.

ಮನೆಕನಸು

ಇಲ್ಲ ರೀ, ಇನ್ನೂ ಆಗಿಲ್ಲ. ನಾಳೆ ಆರ್ಕಿಟೆಕ್ಟ್ ಹತ್ತಿರ ಹೋಗ್ತಾ ಇದ್ದೀನಿ: ಗೋಡೆ ಉದ್ದ ಬ್ಲಾಕಿನ ಅಳತೆಗೆ, ಕಿಟಕಿ ಅಳತೆ, ಪೈಪಿನ ತೋಳುಗಳ ನಕ್ಷೆ, ಸಜ್ಜಾ ಬೇರೆ. ಮಾವನವರನ್ನೂ ಕರಕೊಂಡು ಹೋಗ್ತೀನಿ. ಭಟ್ರೇ, ಆ ಎರಡು ಎಲ್ಬೋ ಪಂಪಿನವರೇ ತರ್ತಾರಾ, ನಾವು ತರಬೇಕಾ?

ಸೆಂಟ್ರಿಂಗ್ ಭಟ್ರು

ಪಂಪಿನವರ ಹತ್ತಿರ ಇರುತ್ತದೆ, ಆದರೆ ಬುಕ್ ಮಾಡುವಾಗಲೇ ಹೇಳಬೇಕು. ಹೇಳದಿದ್ದರೆ ಛಾವಣಿ ಪೈಪೇ ಬರುವುದು.